ಓದಿ ಹೇಳದ ಎರಡನೇ ಹಾಳೆ

ನನ್ನ ಹೆಸರು ಪುಟ್ಟಗಂಗಮ್ಮ, ಲೇಟ್ ಸಿದ್ದಗಂಗಯ್ಯನವರ ಹೆಂಡತಿ, 58 ವರ್ಷ, ಬೇಸಾಯ, ವಾಸ ಹಿಪ್ಪೆಪಾಳ್ಯ, ಸಿ.ಎಸ್. ಪುರ ಹೋಬಳಿ, ಗುಬ್ಬಿ ತಾಲ್ಲೂಕು. ಓದು ಬರಹ ಬರುವುದಿಲ್ಲ. ಈ ದಿನ ಬೆಳಿಗ್ಗೆ 10-30ಕ್ಕೆ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಏನೆಂದರೆ,

ನನ್ನ ಜಮೀನಿನ ಬದುವಿನಲ್ಲಿ, ಮನೆಯಿಂದ 200 ಮೀಟರ್ ದೂರದಲ್ಲಿ ಆಲದ ಮರವಿತ್ತು. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಬಾವಲಿಗಳಿದ್ದವು. ಅವು ಹಿಪ್ಪೆ ಹಣ್ಣು ತಂದು ತಿಂದು ಉದುರಿಸಿದ ಬೀಜ ಆಯ್ದು, ಗಾಣ ಆಡಿಸಿ, ಊರ ದೇವರ ದೀಪಕ್ಕೆ ಎಣ್ಣೆ ಕೊಡುವುದು ನಮ್ಮತ್ತೆಯ ಕಾಲದಿಂದ ನಮ್ಮ ಮನೆಯ ಕೆಲಸ. ಮರದ ಆಚೆಗೆ ನನ್ನ ತಮ್ಮ ಅನಂತರಾಜುವಿನ ಸೈಟಿದೆ. ದಾರಿಗೆ ಅಡ್ಡ, ಮರ ತೆಗೆಸು ಎಂದು ಎರಡು ವರ್ಷದಿಂದ ಕೇಳುತ್ತಿದ್ದ. ಆಗುವುದಿಲ್ಲ ಎಂದಿದ್ದೆ.

ಫೆಬ್ರವರಿಯಲ್ಲಿ, ಬಾವಲಿಗಳ ವೈರಸ್ ಬಗ್ಗೆ ಸಂಶೋಧನೆ ಮಾಡುವ ತೇಜಸ್ವಿನಿ ಎಂಬುವವರು ಬಂದು, ಮರದ ಕೆಳಗೆ ಪ್ಲಾಸ್ಟಿಕ್ ಹಾಸಿ ಬಾವಲಿಗಳ ಉಚ್ಚೆ, ಹಿಕ್ಕೆ ತೆಗೆದುಕೊಂಡು ಹೋದರು. ಬಾವಲಿ ಮುಟ್ಟಬಾರದು, ಬೀಜವನ್ನೂ ಬರಿಗೈಯಲ್ಲಿ ಆಯಬಾರದು ಎಂದು ಹೇಳಿ ಕೈಗವಸು ಕೊಟ್ಟರು. ಹಾಗೇ ನಡೆದುಕೊಂಡಿದ್ದೇನೆ.

05-06-2025ರಂದು ಅವರ ವರದಿ ಅಂಚೆಯಲ್ಲಿ ಬಂತು. ನನ್ನ ಕಾಗದವನ್ನೆಲ್ಲ ಓದಿ ಹೇಳುವವನು ಅನಂತರಾಜು. ಇವನನ್ನು ನೋಡಿಕೊಳ್ಳಲೆಂದೇ ನನ್ನನ್ನು ಶಾಲೆಗೆ ಸೇರಿಸಲಿಲ್ಲ. ಜಗಲಿಯ ಮೇಲೆ ಕುಳಿತು ಒಂದು ಹಾಳೆ ಓದಿದ. ಈ ಮರದ ಬಾವಲಿಗಳಲ್ಲಿ ಒಂಬತ್ತು ಬಗೆಯ ವೈರಸ್ ಸಿಕ್ಕಿವೆ, ಒಂದರಂತೆ ಒಂದಿಲ್ಲ ಎಂದ. ಇನ್ನೊಂದು ಹಾಳೆಯಲ್ಲೇನಿದೆ ಎಂದು ಕೇಳಿದೆ. "ಅದ್ರಲ್ಲೇನಿಲ್ಲ ಬುಡಕ್ಕ, ಬರೀ ಸೈನು, ಸೀಲು" ಎಂದು ಮಡಚಿ ಜೇಬಿಗೆ ಹಾಕಿಕೊಂಡ. ಮೊದಲ ಹಾಳೆಯ ಫೋಟೋವನ್ನು ಸಂಜೆಯೇ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಮರುದಿನ ದೇವಸ್ಥಾನದಲ್ಲಿ ನನ್ನ ಎಣ್ಣೆ ಬೇಡವೆಂದರು.

09-06-2025ರಂದು, ಕುಣಿಗಲ್‌ನಲ್ಲಿರುವ ನಮ್ಮ ದೊಡ್ಡಕ್ಕ ಮಂಜುಳಮ್ಮನಿಗೆ ತೀರಾ ಹುಷಾರಿಲ್ಲ ಎಂದು ಹೇಳಿ, ಬೆಳಿಗ್ಗೆ 8-15ಕ್ಕೆ ಅವನೇ ನನ್ನನ್ನು ಬಸ್ ಹತ್ತಿಸಿದ. ದೊಡ್ಡಕ್ಕ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಸಂಜೆ 4ಕ್ಕೆ ನಾನು ವಾಪಸ್ ಬಂದಾಗ ಮರ ನೆಲಕ್ಕೆ ಬಿದ್ದಿತ್ತು. ಬಾವಲಿಗಳು ಬಿಸಿಲಿನಲ್ಲೇ ಸುತ್ತುತ್ತಿದ್ದವು. ಹಾರಲು ಬಾರದ ಮರಿಗಳನ್ನು ಕೂಲಿಯವರು ಬರಿಗೈಯಲ್ಲಿ ಹಿಡಿದು ಚೀಲಕ್ಕೆ ತುಂಬುತ್ತಿದ್ದರು. ಮೂವರ ಕೈಗೆ ಕಚ್ಚಿ ರಕ್ತ ಬಂದಿತ್ತು. ಸೋಪಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ ಎಂದೆ, ನಕ್ಕರು. ಅನಂತರಾಜು ನನ್ನ ಮುಖ ನೋಡದೆ, "ಎಲ್ರ ಒಳ್ಳೇದಕ್ಕೇ ಕಣಕ್ಕ" ಎಂದ.

ಮರುದಿನ ನಾನು ಫೋನ್ ಮಾಡಿಸಿದ್ದರಿಂದ ತೇಜಸ್ವಿನಿ ಬಂದು, ತಮ್ಮ ಪ್ರತಿಯಿಂದ ಎರಡನೇ ಹಾಳೆ ಓದಿದರು. ಈ ವೈರಸ್‌ಗಳಲ್ಲಿ ಯಾವುದೂ ಮನುಷ್ಯರಿಗೆ ಅಂಟಿದ್ದು ಈವರೆಗೆ ಕಂಡಿಲ್ಲ, ಮುಂದೆ ಅಂಟುವುದೇ ಇಲ್ಲ ಎಂದೂ ಹೇಳಲಾಗದು, ಆದ್ದರಿಂದ ಬಾವಲಿಗಳನ್ನು ಮುಟ್ಟಬೇಡಿ, ಮರ ಕಡಿಯಬೇಡಿ, ಚೆದುರಿದರೆ ಅವು ಜನರ ಹತ್ತಿರಕ್ಕೇ ಬರಬಹುದು ಎಂದು ಅದರಲ್ಲಿತ್ತು. ಈಗ ಅವು ಶಾಲೆಯ ಹಿಂದಿನ ಮರಗಳಲ್ಲಿ ಜೋತುಬಿದ್ದಿವೆ.

ಆ ಮೂವರನ್ನು ಇಂದೇ ಆಸ್ಪತ್ರೆಗೆ ಕಳಿಸಬೇಕು. ಅನಂತರಾಜುವಿನ ಮೇಲೆ ಕ್ರಮ ತೆಗೆದುಕೊಂಡು, ಎರಡನೇ ಹಾಳೆಯನ್ನು ಊರವರ ಮುಂದೆ ಅವನ ಬಾಯಿಂದಲೇ ಓದಿಸಬೇಕು. ಮರ ಹೋಗಿದ್ದಕ್ಕಿಂತ, ಎತ್ತಿ ಆಡಿಸಿದ ಕೈಗೆ ಇವನು ಹೀಗೆ ಮಾಡಿದ್ದೇ ನನಗೆ ಸಂಕಟ.

ಈ ಹೇಳಿಕೆಯನ್ನು ಮಹಿಳಾ ಕಾನ್‌ಸ್ಟೇಬಲ್ ನನಗೆ ಓದಿ ಹೇಳಿದರು. ನಂತರ ನನ್ನ ಕೋರಿಕೆಯಂತೆ ಅವರನ್ನು ಹೊರಗೆ ಕಳಿಸಿ, ಬೇರೊಬ್ಬರಿಂದ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿಸಲಾಯಿತು. ಇಬ್ಬರೂ ಓದಿದ್ದು ಒಂದೇ ಇದೆ, ನಾನು ಹೇಳಿದ್ದೂ ಅದೇ, ನಡೆದದ್ದೂ ಅದೇ. ಆಮೇಲೆಯೇ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಸಿ.ಎಸ್. ಪುರ
ದಿನಾಂಕ: 11-06-2025
ಪುಟ್ಟಗಂಗಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು, ಹೇಳಿಕೆಯ ಎರಡೂ ಹಾಳೆಗೆ