ಹೊಲಿಗೆಯೊಳಗೆ ಬಿಟ್ಟ ಮೂರು ಇಂಚು

ದರ್ಜಿಗಳ ಸಂಘದ ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಅತಿಥಿಗಳೇ, ಹಾಂಗ್‌ಕಾಂಗಿನ ಅರ್ಧ ಊರಿನ ಹೊಟ್ಟೆಯ ಸುತ್ತಳತೆ ಗೊತ್ತಿದ್ದೂ ಬಾಯಿ ಬಿಡದ ನನ್ನ ಕಸುಬಿನ ಬಂಧುಗಳೇ, ಸಭಿಕರೇ,

ಐವತ್ತು ವರ್ಷ ಕತ್ತರಿ ಹಿಡಿದ ಈ ಮುದುಕನಿಗೆ ಫಲಕ ಕೊಟ್ಟಿದ್ದೀರಿ, ಸಂತೋಷ. ಕಲಿಯುವವರಿಗಾಗಿ ಕಸುಬಿನ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡಿ ಎಂದಿದ್ದಾರೆ ಅಧ್ಯಕ್ಷರು. ನಾನು ಕಲಿತ ಮೊದಲ ಪದವನ್ನೇ ಆರಿಸಿಕೊಂಡೆ: ಅಲೊವೆನ್ಸ್. ಕಚೇರಿಯವರಿಗೆ ಅದು ಭತ್ಯೆ. ವಿಮಾನದವರಿಗೆ ಪೆಟ್ಟಿಗೆಯ ತೂಕ. ನಮಗೆ? ಹೊಲಿಗೆಯ ಒಳಗೆ ಬಿಡುವ ಬಟ್ಟೆ. ಎಲ್ಲಿ ಹೋದರೂ ತಾತ್ಪರ್ಯ ಒಂದೇ, ಇಷ್ಟಕ್ಕೆ ಅಪ್ಪಣೆ ಇದೆ ಎಂದು.

ಒಬ್ಬ ಇಂಗ್ಲಿಷ್ ಅಧಿಕಾರಿಯ ಕೋಟಿನಲ್ಲಿ ಬಟ್ಟೆ ಉಳಿಸಲು ಹೋಗಿ ಅಂಚಿನವರೆಗೆ ಹೊಲಿದಿದ್ದೆ. ನನ್ನ ಗುರು ಫುಂಗ್ ಮಾಸ್ತರರು ತಲೆಗೆ ಅಳತೆಕೋಲಿನಿಂದ ಕೊಟ್ಟರು. "ಲೋ ಜಿಪುಣ! ಈ ದೊರೆ ಬರೋ ಕ್ರಿಸ್‌ಮಸ್‌ಗೂ ಇಷ್ಟೇ ಇರ್ತಾನೇನೋ? ಒಳಗೆ ಬಿಡು. ಮೈ ಅನ್ನೋದು ಹೇಳಿ ಕೇಳಿ ಬೆಳೆಯುತ್ತಾ?" ದೊರೆ ಹೇಳದೆ ಕೇಳದೆ ನಾಲ್ಕು ಇಂಚು ಬೆಳೆದ, ಆ ಮಾತು ಬೇರೆ.

ನಾನು ಚೀನಾದಿಂದ ಗಡಿ ದಾಟಿ ಬಂದದ್ದು ಅರವತ್ತೆರಡನೇ ಇಸವಿಯಲ್ಲಿ. ಆಚೆ ಹಳ್ಳಿಯಲ್ಲಿ ಹೆಂಡತಿ ಸಾವ್-ಹಾ, ಮೂರು ತಿಂಗಳ ಮಗಳು ಯುಕ್-ಕಿಂಗ್. ದಿನಕ್ಕೆ ಇಷ್ಟೇ ಜನ ದಾಟಬಹುದು ಎಂಬ ಕಾಲ. ಸಾವ್-ಹಾ ಅರ್ಜಿ ಹಾಕಿ ಕಾದಳು. ಅಲ್ಲಿ ಬಟ್ಟೆಯೂ ರೇಷನ್ ಚೀಟಿಯ ಲೆಕ್ಕ, ತಲೆಗೆ ಇಷ್ಟೇ ಅಡಿ. ಪ್ರತಿ ಹೊಸ ವರ್ಷಕ್ಕೆ ಮಗಳಿಗೊಂದು ಕೋಟು ಹೊಲಿದು ಕಳಿಸುತ್ತಿದ್ದೆ. ಒಳಗೆ ಧಾರಾಳವಾಗಿ ಮೂರು ಇಂಚು. ಅಂಚೆಯಲ್ಲಿ ಪೊಟ್ಟಣದ ತೂಕಕ್ಕೂ ಮಿತಿ! ಹೆಚ್ಚಾದರೆ ಅಲ್ಲೇ ನಿಂತು ಗುಂಡಿಗಳನ್ನು ಹಲ್ಲಿನಿಂದ ಕಚ್ಚಿ ಕೀಳುತ್ತಿದ್ದೆ. ಬಟ್ಟೆ ಮಾತ್ರ ಕತ್ತರಿಸಲಿಲ್ಲ.

ನಿನ್ನ ಅಳತೆ ಬರೆ ಎಂದು ಹೆಂಡತಿಗೆ ಎಷ್ಟು ಕಾಗದ ಹಾಕಿದೆನೋ. ಪ್ರತಿ ಸಲವೂ ಒಂದೇ ಉತ್ತರ: "ನನಗೇನೂ ಬೇಡ. ಮಗೂದಕ್ಕೆ ಒಳಗೆ ಇನ್ನೂ ಸ್ವಲ್ಪ ಬಿಡಿ, ಬೇಗ ಬೆಳೀತಿದಾಳೆ." ನಾನು ಪೆದ್ದ, ಹಿಗ್ಗಿದೆ. ಮನಸ್ಸಿನಲ್ಲೇ ಒಬ್ಬ ಎತ್ತರದ ಮಗಳನ್ನು ಬೆಳೆಸಿಕೊಂಡೆ.

ಹದಿಮೂರನೆಯ ವರ್ಷ ಅಪ್ಪಣೆ ಬಂತು. ಇಬ್ಬರಿಗೂ ಬಂದಿತ್ತು. ದಾಟಿದವಳು ಒಬ್ಬಳೇ. ಸಾವ್-ಹಾ ಹಿಂದಿನ ಚಳಿಗಾಲದಲ್ಲೇ ಕೆಮ್ಮಿ ಕೆಮ್ಮಿ ಹೋಗಿಬಿಟ್ಟಿದ್ದಳು.

ಗಡಿಯ ಲೋ ವೂ ರೈಲು ನಿಲ್ದಾಣದಲ್ಲಿ ನನ್ನ ಎದೆಗೂ ಬಾರದ ಒಂದು ಹುಡುಗಿ ನಿಂತಿತ್ತು. ನಾನು ಕಳಿಸಿದ ಕೋಟಿನ ತೋಳನ್ನು ಎರಡು ಮಡಿಕೆ ಮಡಿಚಿಕೊಂಡಿತ್ತು. ಹಾಳು ಅಭ್ಯಾಸ ನೋಡಿ, ಅಪ್ಪಿಕೊಳ್ಳುವ ಬದಲು ಹೊಲಿಗೆ ತಿರುವಿ ನೋಡಿದೆ. ಒಳಗೆ ಬಟ್ಟೆಯೇ ಇಲ್ಲ! "ಯಾರು ಕತ್ತರಿಸಿದ್ದು ಇದನ್ನ?" ಎಂದು ಗದರಿದೆ. ಮಗಳೊಡನೆ ನಾನಾಡಿದ ಮೊದಲ ಮಾತು ಅದು, ಸಭಿಕರೇ.

ಅವಳು ಗಂಟು ಬಿಚ್ಚಿದಳು. ಒಳಗೊಂದು ಅಂಗಿ. ಬರೀ ಪಟ್ಟಿಗಳಿಂದ ಜೋಡಿಸಿದ್ದು, ಹನ್ನೆರಡು ವರ್ಷದ ಹನ್ನೆರಡು ಬಣ್ಣ. "ಅಮ್ಮಂದು ಅಪ್ಪಾ. ವರ್ಷವರ್ಷ ನನ್ನ ಕೋಟಿಂದ ಬಿಚ್ಚಿ ತೆಗೀತಿದ್ಳು. 'ನಿಮ್ಮಪ್ಪ ನಂಗೆ ಹೊಲಿದದ್ದು ಇದು' ಅಂತಿದ್ಳು."

ಜೇಬಿನಿಂದ ಟೇಪು ತೆಗೆದು ಆ ಅಂಗಿಗೆ ಹಿಡಿದೆ. ಎದೆ ಮೂವತ್ತು. ಭುಜ ಹದಿಮೂರೂವರೆ. ನನ್ನ ಹೆಂಡತಿಯ ಅಳತೆ ನಾನು ತೆಗೆದದ್ದು ಅದೊಂದೇ ಸಲ. ಒಳಮಗ್ಗುಲು ನೋಡಿದೆ, ತನಗೆಂದು ಕಾಲಿಂಚೂ ಬಿಟ್ಟುಕೊಂಡಿರಲಿಲ್ಲ.

ಮಾತು ಎಲ್ಲಿಗೋ ಹೋಯಿತು, ಕ್ಷಮಿಸಿ. ಮೂರನೆಯ ಸಾಲಿನಲ್ಲಿ ಮಗಳು ಸಾಕು ಎಂದು ಸನ್ನೆ ಮಾಡುತ್ತಿದ್ದಾಳೆ. ಸಂಘಕ್ಕೂ ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು. ನಾಳೆಯಿಂದ ಅಂಗಡಿ ಇಲ್ಲ, ಗಿರಾಕಿ ಇಲ್ಲ. ಒಂದು ಕೋಟು ಮಾತ್ರ ಬಾಕಿ ಇದೆ. ಎದೆ ಮೂವತ್ತು, ಭುಜ ಹದಿಮೂರೂವರೆ. ಒಳಗೆ ಮೂರು ಇಂಚು ಬಿಡುತ್ತೇನೆ, ಗುಂಡಿಯನ್ನೂ ಹಾಕುತ್ತೇನೆ. ತೂಕ ನೋಡುವವರು ಈಗ ಯಾರೂ ಇಲ್ಲ.

ನಮಸ್ಕಾರ.