ಇಪ್ಪತ್ತೈದು ಜರ್ಸಿ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ-ತಂಗಿ ನಿಂತಿದ್ದರು. ಇಬ್ಬರೂ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಆಟಗಾರರ ಬಟ್ಟೆ ಒಗೆಯುವವರು. ಕ್ಲಬ್ಬುಗಳು ಮಾತ್ರ ಬೇರೆ ಬೇರೆ. ಹಿಂದಿನ ದಿನ ಲೀಗ್ ಮುಗಿದಿತ್ತು. ತಂಗಿಯ ತಂಡ ಗೆದ್ದಿತ್ತು, ಅಕ್ಕನ ತಂಡ ಒಂದೇ ಒಂದು ಅಂಕದಿಂದ ಹಿಂದೆ ಬಿದ್ದಿತ್ತು.

“ಫೋಟೋದಲ್ಲಿ ನಿನ್ನನ್ನೂ ನಿಲ್ಲಿಸಿದ್ರಂತೆ?”

“ಹೂಂ ಅಕ್ಕ, ಕಪ್ಪಿನ ಪಕ್ಕದಲ್ಲೇ.”

“ಹಲ್ಲು ಕಿರ್ಕೊಂಡು ನಿಂತಿರ್ತೀಯ, ಗೊತ್ತು. ಕೆಲಸ?”

“ಖಾಯಂ ಮಾಡಿದ್ರು.”

“ಕಪ್ ಬಂದ್ರೆ ಖಾಯಂ ಅಂತ ನಮಗೂ ಮಾತು ಕೊಟ್ಟಿದ್ರು ಕಣೇ. ‘ಚಾಂಪಿಯನ್’ ಅಂತ ಅಚ್ಚು ಹಾಕಿಸಿದ್ದ ಇಪ್ಪತ್ತೈದು ಜರ್ಸೀನ ಮೊನ್ನೇನೇ ಇಸ್ತ್ರಿ ಮಾಡಿಟ್ಟಿದ್ದೆ. ಇವತ್ತು ಮ್ಯಾನೇಜರು ಕತ್ತರಿ ಕೊಟ್ಟು, ನೆಲ ಒರೆಸೋಕೆ ತುಂಡು ಮಾಡು ಅಂದ.”

“ಅಯ್ಯೋ ಪಾಪ.”

“ನಿನ್ನ ಪಾಪ ನೀನೇ ಇಟ್ಕೋ. ನಿನಗೆ ಒಗೆಯೋದು ಕಲಿಸಿದ್ದೇ ನಾನು. ಇವತ್ತಿಗೂ ಕಾಲರ್ ಕೊಳೆ ಬಿಡಿಸೋಕೆ ಬರಲ್ಲ ನಿನಗೆ.”

“ಕೊಳೆ ಬಿಡಿಸಿದ್ರೆ ಕಪ್ ಬರುತ್ತಾ ಅಕ್ಕ? ನಿಮ್ಮ ತಂಡದೋನು ಪೆನಾಲ್ಟೀನ ಗೋಲಿನ ಆಚೆ ಹೊಡೆದ.”

“ಹೊಡೆದೋನ ಕೆಲಸ ಭದ್ರವಾಗೇ ಇದೆ. ಕಲ್ಲು ಬಿದ್ದಿದ್ದು ನನ್ನ ಕೆಲಸಕ್ಕೆ.”

ತಂಗಿ ಅಕ್ಕನ ಹತ್ತಿರಕ್ಕೆ ಸರಿದಳು.

“ಇಪ್ಪತ್ತೈದೂ ಕತ್ತರಿಸಿಬಿಟ್ಯಾ?”

“ಇಪ್ಪತ್ನಾಲ್ಕು.”

“ಇನ್ನೊಂದು?”

ಅಕ್ಕ ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಳು.

“ಮೈಮೇಲಿದೆ. ನಿನಗೆ ಮಾತ್ರ ತೋರಿಸಲ್ಲ.”

ಬಸ್ಸು ಬಂತು. ತಂಗಿಯನ್ನು ಮೊಣಕೈಯಿಂದ ಹಿಂದೆ ಸರಿಸಿ ಅಕ್ಕನೇ ಮೊದಲು ಹತ್ತಿದಳು.