ಗೇರ್ ರಾಡಿಗೆ ಅಳತೆ

ಬೈಕಿನ ಸ್ಟ್ಯಾಂಡಿಗೆ ವೆಲ್ಡಿಂಗ್ ಮಾಡಿಸಲು ಹುಮನಾಬಾದಿನ ಅಂಗಡಿಯೊಂದರ ಮುಂದೆ ಕಾಯುತ್ತಿದ್ದೆ. ಪಕ್ಕದಲ್ಲಿ ಬೇಮಳಖೇಡದ ಗುರುಶಾಂತ ಮನೆಯಂಗಳದಲ್ಲೇ ಕಟ್ಟಿದ ತಗಡಿನ ಕಾರು ನಿಂತಿತ್ತು. ಅವನ ಹೆಂಡತಿ ಮನೀಷಾ ಒಳಗೆ ಇಣುಕಿ, ಸ್ಟೇರಿಂಗ್ ಮುಂದೆ ಕೂತಿದ್ದ ಅವನನ್ನು ಕೇಳಿದಳು:

“ಅಳತಿ ತಗೊಂಡೇ ಗೇರ್ ರಾಡ್ ಕೂಡಿಸಿದ್ರಿ. ಈಗ ಯಾಕ ಕೈಗಿ ನಿಲುಕವಲ್ದು?”

“ಅವತ್ತು ಸೀಟ್ ಇರಲಿಲ್ಲ. ಬೆನ್ನಿಗಿ ನಿನ್ನ ಕೌದಿ ಮಡಚಿ ಇಟ್ಕೊಂಡು ಅಳದಿದ್ದೆ.”

“ಹಂಗಾದ್ರ ಈಗೂ ಕೌದಿನೇ ಇಟ್ಕೋರಿ.”

“ಈ ಬಿಸಲಾಗ ಕೌದಿಗಿ ಆತು ಯಾರ ಕೂಡ್ತಾರ? ರಾಡೇ ಉದ್ದ ಮಾಡಸ್ತೀನಿ.” ಅವನು ಕೆಳಗಿಳಿದ. “ಏರಿ ಕೂಡು, ಕೈ ಚಾಚು.”

“ನನ್ನ ಕೈ ಯಾಕ್ರಿ? ಗಾಡಿ ಹೊಡಿಯೋರು ನೀವು.”

“ಡಾಕ್ಟರ್ ನನ್ನ ಕಣ್ಣಿನ ಬಗ್ಗೆ ಹೇಳಿದ್ದು ನೀನೂ ಕೇಳಿದಿ.”

ಅವಳು ಏರಿ ಕೂತು ಕೈ ಚಾಚಿದಳು.

“ನನಗ ನಿಲುಕೋ ಹಂಗ ಮಾಡಿದ್ರ ನಿಮ್ಮ ಮೊಣಕಾಲಿಗಿ ಬಡೀತದಲ್ರಿ.”

“ನಾ ಆ ಕಡಿ ಸೀಟಿನ್ಯಾಗ ಕೂಡ್ತೀನಿ.”

“ನನಗ ಹೊಡ್ಯಾಕ ಬರಂಗಿಲ್ಲ.”

“ನನಗರ ಕಾರ್ ಕಟ್ಟಾಕ ಎಲ್ಲಿ ಬರ್ತಿತ್ತು?”

ವೆಲ್ಡಿಂಗಿನವನು ಒಳಗೆ ಕರೆದ. ಮನೀಷಾ ಇಳಿಯಲು ಹೋದಳು. ಗುರುಶಾಂತ ಆಗಲೇ ಹಿಂದೆ ಹೋಗಿ ಕಾರಿಗೆ ಭುಜ ಕೊಟ್ಟಿದ್ದ.

“ಕೂಡು. ಸ್ಟೇರಿಂಗ್ ಸೀದಾ ಹಿಡಿ.”

“ಹಿಡದೀನಿ. ನೀವು ನೂಕ್ರಿ.”